ಗಾಳಿ ಡಬ್ಬಿಗೆ ಹೊಲಿದ ಕವರು

ನನ್ನ ತಂಗಿಗೆ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಅವಳಿಗೆ ರೊಟ್ಟಿ ಬಡಿದು ಹಾಕಿದೆ, ತಲೆಗೆ ಎಣ್ಣೆ ಹಚ್ಚಿದೆ, ಬಸ್ ಸ್ಟಾಪಿನವರೆಗೆ ಹೋಗಿ ಕಳಿಸಿ ಬಂದೆ. ಅವಳು ಸೊರಗುತ್ತಿರುವುದು ಕಾಣುತ್ತಿತ್ತು. ಸೊರಗುವುದಕ್ಕೆ ಕಾರಣವಾದದ್ದು ನನ್ನ ಕಪಾಟಿನಲ್ಲಿ, ಮಡಚಿಟ್ಟ ಬಟ್ಟೆಗಳ ಅಡಿಯಲ್ಲಿ ಇತ್ತು.

ನಾವು ಮೂಲತಃ ಕಲಬುರಗಿ ಕಡೆಯವರು. ಅಪ್ಪನಿಗೆ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ನಮ್ಮನ್ನೆಲ್ಲ ಹೈದರಾಬಾದಿಗೆ ಕರೆತಂದರು. ಊರಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನನ್ನನ್ನು ಇಲ್ಲಿ ತೆಲುಗು ಹುಡುಗಿಯರ ನಡುವೆ ಕೂರಿಸಿದರು. ಟೀಚರು ಹೇಳುವುದು ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದು ಚೀಲ ಎಸೆದು, "ನನಗ ಇದು ತಿಳಿಯೂದಿಲ್ಲ ಅಪ್ಪಾ, ನಾ ಇದಕ್ಕ ಲಾಯಕ್ ಇಲ್ಲ" ಎಂದೆ. ತಿಳಿಯದ್ದು ಪಾಠವಲ್ಲ, ಭಾಷೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ಅವ್ವ ನನ್ನನ್ನು ಹೊಲಿಗೆ ಮಶೀನಿನ ಮುಂದೆ ಕೂರಿಸಿದಳು. ಆಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಮಶೀನಿನ ಕೆಳಗೆ ಬಂದು ಪೆಡಲ್ ಹಿಡಿದು ಕೂತರೆ ಎದ್ದೇಳುತ್ತಿರಲಿಲ್ಲ.

ಅವಳು ಇಲ್ಲಿಯ ಹುಡುಗಿಯಾಗಿಯೇ ಬೆಳೆದಳು. ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ನಮ್ಮ ಜೊತೆ ನಮ್ಮ ಮಾತು. ಓದುತ್ತ ಓದುತ್ತ ತಾರ್ನಾಕದ ಯೂನಿವರ್ಸಿಟಿ ಸೇರಿದಳು. ಅಪ್ಪ ಹೋದ ಮೇಲೆ, ಅವ್ವನೂ ಹೋದ ಮೇಲೆ, ಅವಳಿಗೆ ತವರು ಎಂದರೆ ನಾಚಾರಂನ ನನ್ನ ಮನೆ. ನಮ್ಮ ಮನೆಯವರು ಅಲ್ಲಿಯೇ ಪ್ಲಾಸ್ಟಿಕ್ ಡಬ್ಬಿ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ನಾನು ಬ್ಲೌಸು ಹೊಲಿಯುತ್ತೇನೆ.

ತಂಗಿ ಡಾಕ್ಟರೇಟಿಗೆ ಸೇರಿದಾಗ ಒಮ್ಮೆ ಕೇಳಿದೆ. "ನಿನ್ನ ಓದು ಏನಂತ ಮಂದಿ ಕೇಳ್ತಾರ. ನಾ ಏನ್ ಹೇಳಲಿ?"

ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಅವಳು ಒಣಮೆಣಸಿನಕಾಯಿ ಮುರಿದು ಅದರೊಳಗೆ ಹಾಕಿದಳು. ಘಾಟು ಎದ್ದಿತು.

"ಈಗ ಮೊದಲ ಯಾರು ಕೆಮ್ಮತಾರ ಹೇಳು."

ನಾನು ಹೇಳುವ ಮೊದಲೇ ಹೊರಗೆ ಟಿವಿ ಮುಂದೆ ಕೂತ ನಮ್ಮ ಮನೆಯವರು ಕೆಮ್ಮಿದರು. "ಅಕ್ಕ ತಂಗಿ ಕೂಡಿ ನನ್ನ ಕೊಲ್ಲಾಕತ್ತೀರೇನು?"

"ಕಿಟಕಿ ತೆರದ್ರ?" ತಂಗಿ ಕೇಳಿದಳು.

"ಪಕ್ಕದ ಮನಿಯಾಕಿ ಕೆಮ್ಮತಾಳ. ಕೆಮ್ಮಿ ಬೈತಾಳ."

"ಇದ ನನ್ನ ಓದು. ಎಲ್ಲಿ ಒಗ್ಗರಣಿ ಸಿಡದೈತಿ, ಗಾಳಿ ಯಾ ಕಡೆ ಬೀಸಾಕತ್ತೈತಿ, ಯಾರು ಕೆಮ್ಮತಾರ, ಕೆಮ್ಮೂಕಿಂತ ಮೊದಲ ಲೆಕ್ಕಾ ಹಾಕಿ ಹೇಳೂದು."

ಆಮೇಲೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಊರೆಲ್ಲ ಅದರೊಳಗೆ ಇತ್ತು. ನಾಚಾರಂನ ಚಿಮಣಿಗಳು ಎಷ್ಟು ಎತ್ತರ, ಯಾವುದರಿಂದ ಎಷ್ಟು ಹೊಗೆ, ರಸ್ತೆಗಳ ಮೇಲೆ ಎಷ್ಟು ಲಾರಿ, ಎಷ್ಟು ಆಟೋ, ಕಸ ಸುಡುವುದು ಎಲ್ಲೆಲ್ಲಿ, ಗಾಳಿಯ ದಿಕ್ಕು ಯಾವುದು, ಬಿಸಿ ಎಷ್ಟು, ಎಲ್ಲ ಹೇಳಿಕೊಟ್ಟರೆ ಆ ಹೊಗೆ ಯಾವ ಓಣಿಯ ಮೇಲೆ ಇಳಿಯುತ್ತದೆ ಎಂದು ಕಂಪ್ಯೂಟರು ಬಣ್ಣ ತುಂಬಿ ತೋರಿಸುತ್ತದೆ. ಇಳಿದ ಕಡೆ ಕೆಂಪು, ಇಳಿಯದ ಕಡೆ ಹಸಿರು. ಅದಕ್ಕೆ ಮಾಡೆಲ್ ಎನ್ನುತ್ತಾರೆ. ಚಳಿಗಾಲದ ಮುಂಜಾವು ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ ಇರುತ್ತದಂತೆ. ಬೋಗುಣಿಗೆ ತಟ್ಟೆ ಮುಚ್ಚಿದ ಹಾಗೆ. ಹೊಗೆ ಮೇಲೇರಲಾರದೆ ಮನೆಗಳ ಮೇಲೆಯೇ ಕೂರುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಓಣಿ ಅವಳ ಮಾಡೆಲಿನಲ್ಲಿ ಕೆಂಪಗಿರುತ್ತಿತ್ತು.

"ಇದಕ್ಕ ಕಂಪ್ಯೂಟರ್ ಯಾಕ ಬೇಕು? ಬಟ್ಟಿ ಒಣಗಹಾಕೂ ಹಗ್ಗ ಮುಂಜಾನೆ ಒರಸಿದ್ರ ಅರಿಬಿ ಕರ್ರಗ ಆಗತೈತಿ," ಎಂದೆ.

"ನಿನ್ನ ಅರಿಬಿ ಸಾಕ್ಷಿ ಹೇಳಿದ್ರ ನಮ್ಮ ಸರ್ ಒಪ್ಪೂದಿಲ್ಲಕ್ಕಾ. ಮಶೀನ್ ಹೇಳಬೇಕು."

ಆ ಮಶೀನು ಮಳೆಗಾಲದಲ್ಲಿ ಬಂತು. ಒಂದನ್ನು ಯೂನಿವರ್ಸಿಟಿ ಕಟ್ಟಡದ ಮೇಲೆ, ಒಂದನ್ನು ಕುಷಾಯಿಗೂಡದಲ್ಲಿ ಅಪ್ಪನ ಗೆಳೆಯರ ಮನೆಯ ಮೇಲೆ, ಒಂದನ್ನು ನಮ್ಮ ಮಾಳಿಗೆಯ ಕಂಬಕ್ಕೆ ಕಟ್ಟಿದಳು. ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಡಬ್ಬಿ, ಕೆಳಗೆ ಸೀಳುಗಳು, ಪಕ್ಕದಲ್ಲಿ ಮಿಣುಕುವ ಹಸಿರು ದೀಪ. ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅದು ತಾನೇ ಲೆಕ್ಕ ಮಾಡಿ ಅವಳ ಫೋನಿಗೆ ಕಳಿಸುತ್ತಿತ್ತು, ಅಲ್ಲಿಯೂ ಧೂಳು ಹೆಚ್ಚಾದರೆ ಕೆಂಪು, ಕಡಿಮೆಯಾದರೆ ಹಸಿರು. ಕಂಪ್ಯೂಟರು ಹೇಳಿದ್ದು, ಡಬ್ಬಿ ಹೇಳಿದ್ದು ಎರಡೂ ಕೂಡಿದರೆ ಅವಳ ಮಾಡೆಲ್ ಖರೆ. ಅದರ ಮೇಲೆಯೇ ಅವಳ ಡಿಗ್ರಿ.

"ನೀ ಏನೂ ಮಾಡಬ್ಯಾಡಕ್ಕಾ. ವೈರ್ ಕಳಚದಂಗ ನೋಡ್ಕೊ, ಅಷ್ಟ ಸಾಕು," ಎಂದು ಏಣಿಯಿಂದ ಇಳಿದಳು. ಹೋಗುವಾಗ ಡಬ್ಬಿಯ ಕಡೆ ತಿರುಗಿ ನೋಡಿ, "ನನ್ನ ಜೀವಾನ ಇದರಾಗ ಐತಿ ನೋಡು," ಎಂದಳು.

ಜೀವ ಇದೆ ಎಂದ ಮೇಲೆ ಸುಮ್ಮನೆ ಬಿಡುವುದು ಹೇಗೆ?

ನಮ್ಮ ಮನೆಯಲ್ಲಿ ಬೆಲೆಬಾಳುವ ಯಾವುದೂ ಬರಿಮೈಯಲ್ಲಿ ಇರುವುದಿಲ್ಲ. ಮಿಕ್ಸಿಗೆ ಕವರು, ಟಿವಿಗೆ ಕವರು, ಫ್ರಿಜ್ಜಿನ ತಲೆಗೊಂದು, ಹಿಡಿಕೆಗೊಂದು. ಹೊಲಿಗೆ ಮಶೀನಿಗಂತೂ ಅಂಚಿಗೆ ಜಾಲರಿ ಹಚ್ಚಿದ ಕವರು. ಇದು ಅವ್ವ ಕಲಿಸಿದ್ದು. ಬೀಗರು ಬರುತ್ತಾರೆ ಎಂದರೆ ಎಲ್ಲ ತೆಗೆದು, ಒರೆಸಿ, ಹೊಸದರಂತೆ ಇಡುವುದು. ಅವರು ಮೂಲೆ ತಿರುಗಿದ ಮೇಲೆ ಮತ್ತೆ ತೊಡಿಸುವುದು. "ನನಗೂ ಒಂದು ಕವರ್ ಹೊಲಿ. ಬೀಗರು ಬಂದಾಗ ತಗದು ತೋರಸೀಯಂತ," ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಾರೆ.

ಡಬ್ಬಿ ಕಟ್ಟಿ ವಾರ ಕಳೆಯುವುದರೊಳಗೆ ಅದರ ಮೇಲೆ ಮಸಿ ಕೂತಿತ್ತು. ಒರೆಸಿದೆ. ಮತ್ತೆ ಕೂತಿತು. ಈ ಮಸಿಯೆಲ್ಲ ಸೀಳಿನಿಂದ ಒಳಗೆ ಹೋಗಿ ಮಶೀನು ಕೆಟ್ಟರೆ ಹುಡುಗಿಯ ಗತಿ ಏನು ಎನ್ನಿಸಿತು. ಅವ್ವನ ಹಳೆಯ ನೂಲಿನ ಸೀರೆಯೊಂದನ್ನು ಇಟ್ಟುಕೊಂಡಿದ್ದೆ. ತೊಳೆದು ತೊಳೆದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. ಒಂದೇ ಪದರ ತೆಳುವಾಯಿತೆಂದು ಎರಡು ಪದರ ಮಾಡಿ, ಡಬ್ಬಿಯ ಅಳತೆ ತೆಗೆದುಕೊಂಡು, ಕೆಳಗೆ ಇಲಾಸ್ಟಿಕ್ ಹಚ್ಚಿ ಕವರು ಹೊಲಿದೆ. ಕೂಸಿನ ಕುಲಾಯಿಯಂತೆ ಗಟ್ಟಿಯಾಗಿ ಕೂತಿತು. ವಾರಕ್ಕೊಮ್ಮೆ ತೊಳೆದರೆ ಬಕೆಟ್ಟಿನ ನೀರೆಲ್ಲ ಕಪ್ಪು. ಆ ಕಪ್ಪು ನೀರನ್ನು ಮೋರಿಗೆ ಚೆಲ್ಲುವಾಗ ನನಗೆ ಎಂಥ ಸಮಾಧಾನ! ಇಷ್ಟೂ ನನ್ನ ತಂಗಿಯ ಮಶೀನಿನೊಳಗೆ ಹೋಗುತ್ತಿತ್ತಲ್ಲ ಎಂದುಕೊಳ್ಳುತ್ತಿದ್ದೆ.

ತಂಗಿ ಬರುವಾಗ ತಾರ್ನಾಕದಲ್ಲಿ ಬಸ್ಸು ಹತ್ತಿ ಫೋನ್ ಮಾಡುತ್ತಿದ್ದಳು. ನಾನು ಮಾಳಿಗೆಗೆ ಓಡಿ ಕವರು ತೆಗೆದು ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮುಚ್ಚಿಡಬೇಕೆಂದು ಅಲ್ಲ. ಮಿಕ್ಸಿಗೆ ಕವರು ಹಾಕುತ್ತೇನೆಂದು ಯಾರಾದರೂ ಬಂದವರ ಮುಂದೆ ಹೇಳಿಕೊಳ್ಳುತ್ತಾರೆಯೇ?

"ಯೂನಿವರ್ಸಿಟಿ ಡಬ್ಬಿ ಮ್ಯಾಲ ಪಾರಿವಾಳ ಹೊಲಸ ಮಾಡ್ಯಾವ. ಇದು ನೋಡು, ಮದಲಗಿತ್ತಿಯಂಗ ಐತಿ!" ಎಂದು ಅವಳು ಹೊಗಳುವಾಗ ನಾನು ಉಬ್ಬುತ್ತಿದ್ದೆ. ಒಮ್ಮೆ ಫೋನು ನೋಡುತ್ತ ನಕ್ಕಳು. "ಅಕ್ಕಾ, ಇದೊಂದು ಮಜಾ. ನಾ ಬಂದಾಗ ಅಷ್ಟ ನಿಮ್ಮ ಮಾಳಿಗಿ ಮ್ಯಾಲ ಧೂಳ ಏರತೈತಿ. ಬಸ್ಸಿನ ಹೊಗಿ ನನ್ನ ಮೈಗೆ ಹತ್ತಿಗೊಂಡು ಬರತೈತೋ ಏನೋ."

"ಹಂಗಾರ ಸ್ನಾನ ಮಾಡಿ ಬಾ," ಎಂದೆ. ಇಬ್ಬರೂ ನಕ್ಕೆವು.

ಮಳೆಗಾಲದಲ್ಲಿ ಎಲ್ಲ ಕಡೆ ಗಾಳಿ ತೊಳೆದಂತೆ ಇರುತ್ತದೆ. ಹಾಗಾಗಿ ಏನೂ ತಿಳಿಯಲಿಲ್ಲ. ತೊಡಕು ಶುರುವಾದದ್ದು ದೀಪಾವಳಿಗೆ. ಪಾಡ್ಯದ ಮರುದಿನ ಫೋನ್ ಮಾಡಿದಳು.

"ಅಕ್ಕಾ, ನಿಮ್ಮ ಓಣ್ಯಾಗ ಯಾರೂ ಪಟಾಕಿ ಹಾರಸಲಿಲ್ಲೇನು?"

"ಅಯ್ಯ, ಕಿವಿ ಹರಿಯುವಂಗ ಹಾರಿಸ್ಯಾರ. ಇನ್ನೂ ಕಸ ಗುಡಸಾಕತ್ತೀನಿ."

"ಮತ್ತ ಈ ಡಬ್ಬಿಗೆ ಗೊತ್ತ ಇಲ್ಲಲ್ಲ!"

ಬಂದು ಡಬ್ಬಿ ಬಿಚ್ಚಿ ನೋಡಿದಳು. ಸ್ವಚ್ಛ. ಅನುಮಾನ ಹೋಗಲೆಂದು ಕುಷಾಯಿಗೂಡದ ಡಬ್ಬಿಯನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಬದಲಾಯಿಸಿದಳು. ಅವಳ ಬಸ್ಸು ಹೋದ ಮೇಲೆ ಹೊಸ ಡಬ್ಬಿಗೂ ನಾನು ಕವರು ತೊಡಿಸಿದೆ. ಅಲ್ಲಿಗೆ ಹೋದದ್ದು ಸರಿಯಾಗಿ ಹೇಳಿತು, ಇಲ್ಲಿಗೆ ಬಂದದ್ದು ಮತ್ತೆ ಹಸಿರನ್ನೇ ಹೇಳಿತು. ಮಶೀನಿನಲ್ಲಿ ದೋಷವಿಲ್ಲ ಎಂದು ಅದರಿಂದ ಗಟ್ಟಿಯಾಯಿತು. ಹಾಗಾದರೆ ದೋಷ ಇರುವುದು ಅವಳ ಲೆಕ್ಕದಲ್ಲಿ.

ಚಳಿ ಹೆಚ್ಚಿತು. ಮಾಡೆಲು ನಮ್ಮ ಓಣಿಯನ್ನು ಕೆಂಪು ಎನ್ನುತ್ತಿತ್ತು, ಡಬ್ಬಿ ಹಸಿರು ಎನ್ನುತ್ತಿತ್ತು. ಅವಳು ಕಂಪ್ಯೂಟರಿನೊಳಗೆ ಚಿಮಣಿಗಳ ಹೊಗೆ ತಗ್ಗಿಸಿ ನೋಡಿದಳು, ಗಾಳಿ ತಿರುಗಿಸಿ ನೋಡಿದಳು. ಇಲ್ಲಿ ಕೂಡಿದರೆ ಕುಷಾಯಿಗೂಡದಲ್ಲಿ ತಪ್ಪುತ್ತಿತ್ತು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸಡಿಲಾಗುವ ಬ್ಲೌಸಿನಂತೆ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು.

ಸಂಕ್ರಾಂತಿಗೆ ಮೊದಲು ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನಾನು ಎಳ್ಳು ಆರಿಸುತ್ತಿದ್ದೆ. ಅವಳು ಅವಳ ಗೈಡ್ ಸರ್ ಜೊತೆ ತೆಲುಗಿನಲ್ಲಿ ಮಾತಾಡುತ್ತ ಅಡ್ಡಾಡುತ್ತಿದ್ದಳು. ಫೋನಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತಳು.

"ಡಬ್ಬಿ ಬಾಯಿ ಏನರೆ ಮುಚ್ಚೈತೇನ ನೋಡು ಅಂತಾರ. ಇಲ್ರೀ ಸರ್, ನಮ್ಮಕ್ಕ ಅದಾಳ, ಕನ್ನಡಿಯಂಗ ಇಟ್ಟಾಳ ಅಂತ ಹೇಳಿದೆ."

"ಬಾಯಿ ಅಂದ್ರ?"

"ಆ ಸೀಳು ಅದಾವಲ್ಲ, ಅಲ್ಲಿಂದ ಗಾಳಿ ಎಳಕೋತೈತಿ. ಒಳಗ ಬಂದ ಧೂಳ ಲೆಕ್ಕಾ ಮಾಡತೈತಿ."

"ಅಂದ್ರ ಧೂಳ ಒಳಗ ಹೋಗಬೇಕೇನು?"

"ಮತ್ತ! ಧೂಳ ತಿನ್ನೂದ ಅದರ ಕೆಲಸ."

ನನ್ನ ಕೈ ಎಳ್ಳಿನಲ್ಲೇ ನಿಂತಿತು. ಅವಳ ಬೆನ್ನ ಹಿಂದೆ ಹಗ್ಗದ ಮೇಲೆ, ಗಿರಾಕಿಗಳ ಎರಡು ಬ್ಲೌಸುಗಳ ನಡುವೆ, ಆ ಕವರು ಒಣಗುತ್ತಿತ್ತು. ಗಾಳಿಗೆ ಹಾರಿ ಅವಳ ಜಡೆಗೆ ತಾಗಿತು. ಅವಳು ನೋಡದೆಯೇ ಅದನ್ನು ಪಕ್ಕಕ್ಕೆ ಸರಿಸಿದಳು.

ಆಗಲೇ ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. ಬಂದದ್ದು, "ಚಾ ಮಾಡಲೇನು?"

ಯಾಕೆ ಹೇಳಲಿಲ್ಲ? ಬೈಯುತ್ತಾಳೆ ಎಂದಲ್ಲ. ಅವಳು ನನ್ನನ್ನು ಎಂದೂ ಬೈದವಳಲ್ಲ. ಇಷ್ಟು ದೊಡ್ಡ ಓದಿನಲ್ಲಿ ನನಗೊಂದು ಕೆಲಸ ಸಿಕ್ಕಿತ್ತು, ಅದನ್ನು ಚೆನ್ನಾಗಿ ಮಾಡುತ್ತಿದ್ದೇನೆಂದು ಅವಳ ಸರ್‌ಗೂ ತಿಳಿದಿತ್ತು. ಆ ಹೆಸರು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕವರನ್ನು ಮಡಚಿ ಕಪಾಟಿನ ತಳಕ್ಕೆ ತಳ್ಳಿದೆ. ಇನ್ನು ಮೇಲೆ ಹಾಕದಿದ್ದರೆ ಆಯಿತು, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋಗಲಿಲ್ಲ, ಇನ್ನಷ್ಟು ಕೆಟ್ಟಿತು. ಕವರು ಹೋದದ್ದೇ ಡಬ್ಬಿ ಕೆಂಪು ಹೇಳತೊಡಗಿತು. ಇಷ್ಟು ದಿನ ಹಸಿರು ಹೇಳಿದ ಮಶೀನು ಇದ್ದಕ್ಕಿದ್ದಂತೆ ಹೀಗೆ ಹೇಳಿದರೆ ಅವಳು ಏನೆಂದುಕೊಳ್ಳಬೇಕು? ಹತ್ತಿರದಲ್ಲಿ ಯಾವುದೋ ಹೊಸ ಬಾಯ್ಲರ್ ಶುರುವಾಗಿರಬೇಕೆಂದು ಹುಡುಕಿಕೊಂಡು ಹೊರಟಳು. ಬಿಸಿಲಲ್ಲಿ ಶೆಡ್ಡಿನಿಂದ ಶೆಡ್ಡಿಗೆ, ಗೇಟಿನಿಂದ ಗೇಟಿಗೆ. ಒಬ್ಬ ವಾಚ್‌ಮನ್, "ಹೊಗೆ ಬೇಕಾ ಮೇಡಂ? ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ" ಎಂದು ತೆಲುಗಿನಲ್ಲಿ ನಕ್ಕನಂತೆ. ಸಂಜೆ ಬಂದು ಚಪ್ಪಲಿ ಬಿಚ್ಚಿದಾಗ ಹಿಮ್ಮಡಿಯ ಚರ್ಮ ಸುಲಿದಿತ್ತು. ಬಿಸಿ ನೀರಲ್ಲಿ ಉಪ್ಪು ಹಾಕಿ ಅವಳ ಕಾಲು ಇಡಿಸಿದೆ. ಬೆರಳುಗಳ ಸಂದಿನ ಧೂಳನ್ನು ತೊಳೆದೆ. ಇಲ್ಲದ ಬಾಯ್ಲರನ್ನು ಹುಡುಕಿ ನಡೆದ ಕಾಲು ಅವು. ಆಗಲೂ ಹೇಳಲಿಲ್ಲ.

ಹೊಸ ಮೂಲ ಸಿಗದಾಗ ಅವಳು ಈ ಕೆಂಪನ್ನೇ ಮಶೀನಿನ ತಪ್ಪು ಎಂದು ತೆಗೆದುಹಾಕಲು ತಯಾರಾದಳು. ಸುಳ್ಳನ್ನು ಇಟ್ಟುಕೊಂಡು ಖರೆಯನ್ನು ಹೊರಗೆ ಹಾಕುವುದು. ಅವಳ ಕೆಲಸ ನೋಡಿ ಒಪ್ಪಬೇಕಾದ ಯೂನಿವರ್ಸಿಟಿ ಕಮಿಟಿಯ ಮುಂದೆ ನಿಲ್ಲುವ ದಿನ ಹತ್ತಿರ ಬರುತ್ತಿತ್ತು.

ಒಂದು ರಾತ್ರಿ ನಮ್ಮಲ್ಲೇ ಉಳಿದಳು. ಬೆಳಗಾಗುವಾಗ ನೋಡಿದರೆ ಹಾಸಿಗೆಯಲ್ಲಿ ಇಲ್ಲ. ಚಾ ತೆಗೆದುಕೊಂಡು ಮಾಳಿಗೆಗೆ ಹೋದೆ. ನನ್ನ ಶಾಲು ಹೊದ್ದು ಡಬ್ಬಿಯ ಎದುರು ಕೂತಿದ್ದಳು. ಚಿಮಣಿಗಳ ಹೊಗೆ ಮೇಲೇರದೆ, ಅವಳೇ ಹೇಳಿದಂತೆ, ಮನೆಗಳ ಮೇಲೆ ಅಡ್ಡವಾಗಿ ಮಲಗಿತ್ತು. ಕಟ್ಟೆಯ ಮೇಲೆ ಬೆರಳೆಳೆದು ನೋಡಿಕೊಂಡಳು. ಕಪ್ಪು.

"ಕಣ್ಣಿಗೆ ಕಾಣತೈತಿ, ಕೈಗೆ ಹತ್ತತೈತಿ," ಎಂದಳು. "ಅಷ್ಟು ದಿನ ಯಾಕ ಇರಲಿಲ್ಲ ಅಂತ ಹೇಳಾಕ ಬರವಲ್ತು. ನನಗ ಇದು ತಿಳಿಯೂದಿಲ್ಲಕ್ಕಾ. ನಾ ಇದಕ್ಕ ಲಾಯಕ್ ಇಲ್ಲ. ಬಿಟ್ಟು ಎಲ್ಲೆರೆ ಸಾಲ್ಯಾಗ ಕಲಸಾಕ ಹೋಗ್ತೀನಿ."

ಆ ಮಾತು ನನಗೆ ಗುರುತಿನದು. ನಾನೇ ಚೀಲ ಎಸೆದು ಆಡಿದ್ದು. ನನಗೆ ಆ ದಿನ ಯಾರೂ, ತಿಳಿಯದ್ದು ನಿನ್ನ ತಪ್ಪಲ್ಲ ಎಂದು ಹೇಳಿರಲಿಲ್ಲ. ಇಲ್ಲಿ ಹೇಳಬಲ್ಲವಳು ಇದ್ದಳು, ಚಾ ಹಿಡಿದು ನಿಂತಿದ್ದಳು.

ಕೆಳಗೆ ಹೋಗಿ ಕವರು ತಂದೆ. ಅವಳ ಕಣ್ಣೆದುರೇ ಡಬ್ಬಿಗೆ ತೊಡಿಸಿದೆ.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಫೋನು ನೋಡಿದಳು. ಚಾ ಆರುವುದರೊಳಗೆ ಅಂಕಿ ಇಳಿದು ಇಳಿದು ಹಸಿರಾಯಿತು.

"ಯಾವಾಗಿಂದ?"

"ನೀ ಕಟ್ಟಿದ ಮುಂದಿನ ವಾರದಿಂದ. ಧೂಳ ಕೂಡಬಾರದಂತ..."

"ನಾ ಬಂದಾಗ ತಗೀತಿದ್ದಿ?"

"ಹೂಂ."

"ನಾ ಏನು ಬೀಗರೇನ ಅಕ್ಕಾ?" ಎಂದಳು. ಆಮೇಲೆ ಕವರಿನಲ್ಲಿ ಹಳೆಯ ಸೆರಗಿನ ಅಂಚಿದ್ದ ಕಡೆ ಬೆರಳಾಡಿಸಿ, "ಅವ್ವನ ಸೀರಿ," ಎಂದಳು. ನಗಲು ಶುರು ಮಾಡಿದವಳು ಅತ್ತಳು, ಅಳುತ್ತಲೇ ನಕ್ಕಳು. "ಅಂದ್ರ ನನ್ನ ಮಾಡೆಲ್ ಖರೆ ಐತಿ! ಮೊದಲಿಂದ ಖರೆ ಐತಿ!"

ಅದಾದ ಮೇಲೆ ಕೇಳಿದಳು, "ಇದರಿಂದ ಹಿಂಗಾಗೈತಿ ಅಂತ ನಿನಗ ಯಾವಾಗ ಗೊತ್ತಾತು?"

"ಈಗ," ಎಂದೆ. "ನೀ ಹಂಗ ಅಂದ್ಯಲ್ಲ, ಆಗ ಹೊಳೀತು."

"ಹೋಗ್ಲಿ ಬಿಡು. ಪಾಪ, ನಿನಗ ಹೆಂಗ ಗೊತ್ತಾಗಬೇಕು," ಎಂದು ನನ್ನ ಕೆನ್ನೆ ಹಿಡಿದಳು. ಓದಿಲ್ಲ ಎನ್ನುವುದನ್ನೇ ಅಡ್ಡ ಹಿಡಿದು ನಾನು ಪಾರಾದೆ.

ಮುಂದಿನ ವಾರಗಳಲ್ಲಿ ಅವಳು ಇನ್ನೊಂದು ಡಬ್ಬಿ ತಂದು ಪಕ್ಕದಲ್ಲಿ ಕಟ್ಟಿದಳು. ಒಂದಕ್ಕೆ ಕವರು, ಒಂದಕ್ಕೆ ಇಲ್ಲ. ಅವ್ವನ ಸೀರೆ ಎಷ್ಟು ಧೂಳು ತಡೆಯುತ್ತದೆ ಎಂದು ಅಳೆಯಲಿಕ್ಕಂತೆ. ಕವರಿನಡಿಯ ಲೆಕ್ಕವನ್ನೆಲ್ಲ ಬದಿಗಿಟ್ಟು, ಬರಿಮೈಯ ಡಬ್ಬಿ ಹೇಳಿದ್ದನ್ನು ಮಾತ್ರ ಇಟ್ಟುಕೊಂಡಳು. ಅದು ಅವಳ ನಕಾಶೆಗೆ ಕೂಡಿತು. ಮತ್ತೆ ರೊಟ್ಟಿಗೆ ಪಲ್ಯ ಕೇಳಿ ಹಾಕಿಸಿಕೊಳ್ಳತೊಡಗಿದಳು. ನಾನು ಮಾತ್ರ ಅರ್ಧ ರೊಟ್ಟಿಗೇ ಏಳುತ್ತಿದ್ದೆ.

ಕಮಿಟಿ ಮುಗಿಸಿ ಬಂದ ಸಂಜೆ ಅವಳು ನೇರವಾಗಿ ಅಡಿಗೆಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಚಳಿಗಾಲದ ಮುಂಜಾವಿನ ಊರು. ನಮ್ಮ ಓಣಿ ಕೆಂಪಗೆ, ಇರುವಂತೆಯೇ ಇತ್ತು.

"ಎಲ್ಲಾರೂ ಒಪ್ಪಿದ್ರಕ್ಕಾ. ನಿನ್ನ ಕವರಿನ ಕಥಿನೂ ಹೇಳಿದೆ. ಭಾಳ ನಕ್ಕರು, ಪ್ರೀತಿಯಿಂದನ ನಕ್ಕರು. ಪಾಪ ಆಕಿಗೆ ಹೆಂಗ ಗೊತ್ತಾಗಬೇಕು ಅಂದ್ರು ನಮ್ಮ ಸರ್."

ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಒಲೆ ಆರಿಸಿದೆ. ಅವಳ ಎರಡೂ ಕೈ ಹಿಡಿದುಕೊಂಡೆ. ನನ್ನ ಕೈಗೆ ಹಿಟ್ಟು ಹತ್ತಿತ್ತು.

"ನಿಮ್ಮ ಸರ್‌ಗೆ ಹೇಳು, ಆಕಿಗೆ ಗೊತ್ತಿತ್ತು ಅಂತ. ಸಂಕ್ರಾಂತಿಗೆ ಮೊದಲ ಗೊತ್ತಾಗಿತ್ತು ತಂಗೀ, ನಾ ಎಳ್ಳ ಆರಸಾಕತ್ತಿದ್ದೆ ನೋಡು, ಅವತ್ತ. ಗೊತ್ತಾಗಿ ಸುಮ್ಮ ಕುಂತೆ. ನೀ ಕಾಲ ಸುಲದಕೊಂಡು ತಿರಗೂದ ನೋಡಿದೆ, ನನಗ ತಿಳಿಯೂದಿಲ್ಲ ಅಂತ ನೀ ಅನಕೊಳ್ಳೂ ಮಟಾ ಬಿಟ್ಟೆ. ಆಮ್ಯಾಲೂ ಸುಳ್ಳ ಹೇಳಿದೆ. ತಪ್ಪಾತವ್ವಾ. ನಂದು ಭಾಳ ತಪ್ಪಾತು."